ಕ್ಯಾಲೆಂಡರಿನಲ್ಲಿ ಅವರ ಹೆಸರು

ಪೀಣ್ಯದ ನಮ್ಮ ಮನೆಯಲ್ಲಿ ಮೇಲೆ ನಾವು, ಕೆಳಗೆ ಮೈದುನನ ಸಂಸಾರ. ಪಕ್ಕದಲ್ಲೇ ಅಣ್ಣತಮ್ಮಂದಿರ ಲೇತ್ ಶೆಡ್ಡು. ಮೂರು ಕಡೆಯ ಕಂಪ್ಯೂಟರುಗಳನ್ನೂ ನನ್ನ ಯಜಮಾನರೇ ಒಂದಕ್ಕೊಂದು ಜೋಡಿಸಿದ್ದರು. ಕೇಬಲ್ಲು ನಮ್ಮ ಬಾಲ್ಕನಿಯಿಂದ ಇಳಿದು, ಬಟ್ಟೆ ಒಣಹಾಕುವ ತಂತಿಯ ಜೊತೆ ಸಾಗಿ, ಶೆಡ್ಡಿನ ಕಿಟಕಿಯೊಳಗೆ ಹೋಗುತ್ತದೆ. ಎಲ್ಲರಿಗೂ ಸೇರಿ ಒಂದೇ ಕ್ಯಾಲೆಂಡರ್ ಮಾಡಿದ್ದರು. ಯಾರು ಏನು ಬರೆದರೂ ಮೂರು ಕಡೆ ಕಾಣುತ್ತದೆ. ನಾನು ಹಲ್ಲು ಕೀಳಿಸಲು ಹೋಗುವ ದಿನ ಶೆಡ್ಡಿನ ಕೆಲಸದವರಿಗೆಲ್ಲ ಗೊತ್ತಿರುತ್ತಿತ್ತು.

ಯಜಮಾನರು ತೀರಿಕೊಂಡ ಮೇಲೂ, ಅವರು ಹಿಂದೆ ಹಾಕಿಟ್ಟಿದ್ದ ಹಾಗೆಯೇ, ಪ್ರತಿ ಬುಧವಾರ ಅವರ ಹೆಸರಿನಲ್ಲಿ 'ಸಂಪಿನಲ್ಲಿ ನೀರು ನೋಡಿ' ಎಂದು ಬರುತ್ತಿತ್ತು. ನಾನು ಹೋಗಿ ನೋಡುತ್ತಿದ್ದೆ. ಮೈದುನನಿಗೆ ಅದನ್ನು ಓದುವುದು ಕಷ್ಟವಾಗುತ್ತಿತ್ತು. ಅಣ್ಣನ ಹೆಸರು ತೆಗೆದುಬಿಡೋಣ ಎಂದು ಎರಡು ಮೂರು ಸಲ ಕೇಳಿದ. ನನಗೆ ಮನಸ್ಸು ಬರಲಿಲ್ಲ. ಆಮೇಲೆ ನೋಡೋಣ ಎಂದೆ.

ವರ್ಷದ ತಿಥಿ ಹತ್ತಿರ ಬಂತು. ಮೈದುನ ಅದನ್ನು ಕ್ಯಾಲೆಂಡರಿಗೆ ಹಾಕಿದ: ತೀರಿಕೊಂಡ ತಾರೀಖಿಗೆ, ಪ್ರತಿ ವರ್ಷ ತಾನಾಗಿಯೇ ಬರುವ ಹಾಗೆ.

"ತಾರೀಖಲ್ಲ ಕಣಪ್ಪ, ತಿಥಿ. ಪಂಚಾಂಗದಲ್ಲಿ ಈ ಸಲ ಹತ್ತು ಹನ್ನೊಂದು ದಿನ ಮುಂಚೆಯೇ ಬರುತ್ತೆ."

"ಹೌದಲ್ವಾ. ಬರ್ತ್‌ಡೇ ಹಾಕ್ದಂಗೆ ಹಾಕ್ಬಿಟ್ಟೆ ಅತ್ತಿಗೆ."

ನಾನೇ ಕೂತು ತಿದ್ದಿದೆ. ಇದೊಂದನ್ನೇ ಅಳಿಸಬೇಕೋ, ಮುಂದಿನ ವರ್ಷಗಳದ್ದನ್ನೂ ಅಳಿಸಬೇಕೋ ಎಂದು ಕಂಪ್ಯೂಟರ್ ಕೇಳಿತು. ಎಲ್ಲ ಅಳಿಸಿ, ಈ ವರ್ಷದ್ದು ಮಾತ್ರ ಹೊಸದಾಗಿ ಬರೆದೆ. ಕ್ಯಾಲೆಂಡರಿನಲ್ಲಿದ್ದ ಎಲ್ಲರಿಗೂ ತಾನಾಗಿಯೇ ಕರೆಯೋಲೆ ಹೋಯಿತು. ಬರುತ್ತೀರಾ, ಬರುವುದಿಲ್ಲವಾ, ಹೇಳಲಾಗದಾ ಎಂದು ಮೂರು ಬಟನ್. ಓರಗಿತ್ತಿ ಬರುತ್ತೇನೆ ಎಂದು ಒತ್ತಿದಳು, ಕೆಳಗಿನ ಮನೆಯಿಂದ ಮೇಲಿನ ಮನೆಗೆ. ಸ್ವಲ್ಪ ಹೊತ್ತಿಗೆ ಶೆಡ್ಡಿನಿಂದ ಫೋನ್ ಬಂತು. ವಿಜಯಪುರ ಕಡೆಯ ಲೇತ್ ಆಪರೇಟರ್.

"ಅಕ್ಕಾರ, ಹೇಳಾಕಾಗಲ್ಲ ಅನ್ನೋದು ಒತ್ತಿಬಿಟ್ಟೀನ್ರಿ. ಬರ್ತೀನ್ರಿ ನಾ."

ಸಂಜೆ ಮೈದುನ ಮೇಲೆ ಬಂದು ಪರದೆ ನೋಡಿದ. ಎಲ್ಲರ ಹೆಸರಿನ ಮುಂದೆಯೂ ಗುರುತು ಬಿದ್ದಿತ್ತು. ಯಜಮಾನರ ಹೆಸರಿನ ಮುಂದೆ ಮಾತ್ರ 'ಉತ್ತರ ಬಂದಿಲ್ಲ' ಎಂದಿತ್ತು.

"ಈಗಾದ್ರೂ ತೆಗೀಲಾ ಅತ್ತಿಗೆ? ಅಣ್ಣನ ತಿಥಿಗೆ ಅಣ್ಣನ್ನೇ ಕರೆದಂಗಾಯ್ತು."

"ಅವತ್ತು ಎಡೆ ಇಡೋದು ಯಾರಿಗೆ?"

"ಅಣ್ಣಂಗೆ."

"ಕರೀದೆ ಹೆಂಗಪ್ಪ ಇಡೋದು?"

ಮೈದುನ ಮೌಸ್ ಬಿಟ್ಟು, ಬಾಳೆಎಲೆ ಎಷ್ಟು ತರಲಿ ಎಂದು ಕೇಳಿದ. ಯಜಮಾನರನ್ನೂ ಸೇರಿಸಿಕೊಂಡು ಲೆಕ್ಕ ಹೇಳಿದೆ.