ಸಂತೆಮಾಳದ ಬೊಂಬಾಯಿ ಹಾಜಿ

ಹೊಳೆನರಸೀಪುರದ ಸಂತೆಮಾಳದ ಮೂಲೆಯಲ್ಲಿ, ಹುಣಸೆಮರದ ಬುಡಕ್ಕೆ, ಗರಿಕೆಯೂ ಹುಟ್ಟದ ಒಂದು ತುಂಡು ನೆಲವಿತ್ತು. ಎತ್ತುಗಳು ಬಿದ್ದು ಬಿದ್ದು ಅದು ಒನಕೆಯಲ್ಲಿ ಕುಟ್ಟಿದ ಹಾಗೆ ಗಟ್ಟಿಯಾಗಿತ್ತು. ಅಲ್ಲಿ ಎತ್ತು ಕೆಡವುತ್ತಿದ್ದವರು ಲಾಳದ ಖಲಂದರ್ ಸಾಬರು. ಹಗ್ಗ ಸುತ್ತಿ ಒಂದು ಜಗ್ಗು ಜಗ್ಗಿದರೆ ಎಂಥ ಕೊಬ್ಬಿದ ಹೋರಿಯೂ ಬಾಣಂತಿಯ ಹಾಗೆ ಮಗ್ಗುಲಾಗುತ್ತಿತ್ತು. ಕಾಲು ಸೇರಿಸಿ ಕಟ್ಟಿ, ಗೊರಸು ಹೆರೆದು, ಸೀಳುಗೊರಸಿಗೆ ಒಂದೊಂದು ಲಾಳವಿಟ್ಟು ಮೊಳೆ ಹೊಡೆಯುವರು. ಚನ್ನರಾಯಪಟ್ಟಣದ ಸಂತೆಗೂ ಅರಕಲಗೂಡಿನ ಸಂತೆಗೂ ಅವರೇ ಹೋಗುವರು. ಶಾಂತಿಗ್ರಾಮದ ಗಾಡಿಯವರಂತೂ ಅವರ ಕೈಯೇ ಬೇಕೆಂದು ಇಲ್ಲಿಯವರೆಗೆ ಬರುವರು.

ಕೈ ಮೊಳೆಯ ಮೇಲಿದ್ದಾಗ ಸಾಬರ ಬಾಯಿ ಅರಬಸ್ಥಾನದಲ್ಲಿರುತ್ತಿತ್ತು. ಎತ್ತಿಗೆ ಲಾಳ, ಗಾಡಿಯವನಿಗೆ ಕಥೆ. ಬಿಸಿಲು ಹೆಚ್ಚಾಯಿತೆಂದು ಯಾರಾದರೂ ಗೊಣಗಿದರೆ, ‘‘ಪೈಗಂಬರರ ಜೊತೆಗಾರ ಬಿಲಾಲರನ್ನ ಸುಡೋ ಮರಳ ಮೇಲೆ ಮಲಗ್ಸಿ ಎದೆ ಮೇಲೆ ಬಂಡೆ ಹೇರಿದ್ರು ಕಣಪ್ಪ. ಆಗ್ಲೂ ಬಾಯಲ್ಲಿ ಒಂದೇ ಮಾತು, ದೇವ್ರು ಒಬ್ನೇ ಅಂತ. ನೀನು ನೆರಳಲ್ಲಿ ಕುಂತ್ಕಂಡು ಉಸ್ಸಪ್ಪಾ ಅಂತೀಯ’’ ಎನ್ನುವರು. ಹೊಟ್ಟೆಗಿಲ್ಲವೆಂದವನಿಗೆ, ಮದೀನಾದ ಸುತ್ತ ಕಂದಕ ತೋಡುವಾಗ ಪೈಗಂಬರರೂ ಅವರ ಜೊತೆಯವರೂ ಹಸಿವು ತಾಳಲು ಹೊಟ್ಟೆಗೆ ಕಲ್ಲು ಕಟ್ಟಿಕೊಂಡ ಕಥೆ. ವ್ಯಾಪಾರದಲ್ಲಿ ಸೋತು ಬಂದವನಿಗೆ ಹುದೈಬಿಯಾದ ಕಥೆ: ಮಕ್ಕಾ ಯಾತ್ರೆಗೆ ಹೊರಟವರನ್ನು ಬಾಗಿಲ ಹತ್ತಿರವೇ ಶತ್ರುಗಳು ತಡೆದರು, ಈ ವರ್ಷ ಹಿಂದಕ್ಕೆ ಹೋಗಿ ಎಂದರು, ಪೈಗಂಬರರು ಒಪ್ಪಿ ಹಿಂದಿರುಗಿದರು, ಎರಡು ವರ್ಷದಲ್ಲಿ ಅದೇ ಮಕ್ಕಾ ತಾನಾಗಿ ಬಾಗಿಲು ತೆಗೆಯಿತು. ‘‘ಸಬೂರಿ ಇರ್ಬೇಕು ಕಣ್ಲಾ,’’ ಎಂದು ಕಡೆಯ ಮೊಳೆಗೆ ಸುತ್ತಿಗೆ ಇಳಿಸುವರು. ಕಥೆಯೂ ಲಾಳವೂ ಒಟ್ಟಿಗೆ ಮುಗಿಯುತ್ತಿದ್ದವು.

ಮಹಾಯುದ್ಧದ ನಾಲ್ಕನೆಯ ವರ್ಷ, ರಂಜಾನ್ ಕಳೆದ ಮೇಲೆ, ಸಾಬರು ಹೆಂಡತಿ ಜೈನಾಬಿಯ ಜೊತೆ ಹಜ್‌ಗೆ ಹೊರಟರು. ಮಗಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಾಗಿತ್ತು, ಇನ್ನು ಉಳಿದದ್ದು ಇದೊಂದೇ ಆಸೆ. ಪೇಟೆಯ ಜವಳಿ ಅಂಗಡಿ ಪಂಚಾಕ್ಷರಯ್ಯ ಪತ್ರಿಕೆ ತರಿಸಿ ಓದುವವರು. ಅವರು ಕರೆದು ಹೇಳಿದರು, ‘‘ಸಾಬ್ರೆ, ಸಮುದ್ರದ ತುಂಬ ಜಪಾನಿಯವ್ರ ಕಾಟ. ಈ ಸಲ ಹಡಗು ಬಿಡೋದು ಅನುಮಾನ. ಒಂದು ವರ್ಷ ತಡೀರಿ.’’

‘‘ಕರೆದೋನು ದಾರಿ ಬಿಡ್ತಾನೆ ಸ್ವಾಮಿ,’’ ಎಂದರು ಸಾಬರು. ಆ ಮಾತಿನಲ್ಲಿ ಭಕ್ತಿ ಎಷ್ಟಿತ್ತೋ ಗತ್ತೂ ಅಷ್ಟೇ ಇತ್ತು.

ಹಜ್‌ಗೆ ಹೊರಡುವವರು ತಾವು ನೋಯಿಸಿದವರ ಬಳಿಯೆಲ್ಲ ಹೋಗಿ ಮಾಫಿ ಕೇಳಬೇಕು, ಅದು ಪದ್ಧತಿ. ಸಾಬರು ಮನೆ ಮನೆ ಸುತ್ತಿದರು. ಎಲ್ಲರೂ ‘‘ಏನೂ ಇಲ್ಲ ಬಿಡಿ ಸಾಬ್ರೆ, ನಮ್ಮ ಹೆಸ್ರಲ್ಲೂ ಒಂದ್ಸಲ ಕೈ ಮುಗೀರಿ’’ ಎಂದರು. ಗಾಡಿ ತಿಮ್ಮಪ್ಪನೊಬ್ಬ ಅನ್ನಲಿಲ್ಲ. ಶ್ರವಣಬೆಳಗೊಳದ ಅಂಗಡಿಗಳಿಗೆ ಸರಕು ಹೊಡೆಯುವ ಆಳು ಅವನು. ಕೆಲವು ವರ್ಷದ ಹಿಂದೆ ಅವನ ಎತ್ತು ಮಾಸನಿಗೆ ಸಾಬರು ಹೊಡೆದ ಮೊಳೆ ಗೊರಸಿನ ಜೀವಕ್ಕೆ ತಾಗಿ, ಎತ್ತು ಒಂದು ಬೇಸಿಗೆಯಿಡೀ ಕುಂಟಿತ್ತು. ಅಂದಿನಿಂದ ತಿಮ್ಮಪ್ಪ ಹುಣಸೆಮರದ ಕಡೆ ತಲೆ ಹಾಕಿರಲಿಲ್ಲ. ಲಾಳ ಹೊಡೆಸಲು ದೂರದ ಹಾಸನಕ್ಕೆ ಹೋಗುತ್ತಿದ್ದ.

‘‘ಅಂದು ಕಥೆ ಹೇಳೋ ಭರದಲ್ಲಿ ಕೈ ತಪ್ತು ತಿಮ್ಮಪ್ಪ. ಮಾಫ್ ಮಾಡು,’’ ಎಂದರು ಸಾಬರು, ಅವನ ಕೊಟ್ಟಿಗೆಯ ಮುಂದೆ ನಿಂತು.

ತಿಮ್ಮಪ್ಪ ಬೀಡಿ ಬಿಸಾಕಿದ. ‘‘ಕೇಳಿದ ತಕ್ಸಣ ಕೊಡಾಕೆ ಅದೇನು ಎಲೆ ಅಡಿಕೇನಾ? ಅಷ್ಟು ದೂರ ಓಗೋನು ನೀನು. ಓಗ್ ಬಾ. ಬಂದ್ಮೇಲೆ ಇದೇ ಬಾಗ್ಲಿಗೆ ಬಾ, ಆಗ ಕೊಡ್ತೀನಿ.’’

‘‘ಹಾಜಿಯಾಗೇ ಬತ್ತೀನಿ,’’ ಎಂದು ಬಂದರು ಸಾಬರು. ರೈಲು ಹತ್ತಿಸಲು ಅರ್ಧ ಪೇಟೆ ಬಂದಿತ್ತು. ಕೊರಳಿಗೆ ಸೇವಂತಿಗೆ ಹಾರ ಬಿತ್ತು. ಹಜ್ ಮುಗಿಸಿ ಬಂದವರಿಗೆ ಸಲ್ಲುವ ಹೆಸರಿನಿಂದ, ಹೊರಡುವ ಮೊದಲೇ, ಜನ ಅವರನ್ನು ಹಾಜಿ ಸಾಬ್ ಎಂದು ಕರೆದರು, ಅವರು ಬೇಡವೆನ್ನಲಿಲ್ಲ.

ಬೊಂಬಾಯಿಯಲ್ಲಿ ಯಾತ್ರಿಕರು ತಂಗುವ ಮುಸಾಫಿರಖಾನೆಯಲ್ಲಿ ಅವರು ಕಾದರು. ದಿನಾ ಬಂದರಿಗೆ ಹೋಗಿ ಕೇಳುವರು. ಬೂದು ಬಣ್ಣದ ಯುದ್ಧದ ಹಡಗುಗಳು ಬಂದವು, ಹೋದವು. ಒಂದು ಬೆಳಿಗ್ಗೆ ಗುಮಾಸ್ತನೊಬ್ಬ ಜಗಲಿಯ ಮೇಲೆ ನಿಂತು, ಈ ವರ್ಷ ಯಾತ್ರೆಗೆ ಹಡಗಿಲ್ಲ, ಎಲ್ಲರೂ ಊರಿಗೆ ಹೋಗಬಹುದು ಎಂದು ಹೇಳಿ ಒಳಗೆ ಹೋದ. ಎಲ್ಲೆಲ್ಲಿಂದಲೋ ಬಂದ ಮುದುಕರು ಗಂಟುಗಳ ಮೇಲೆ ಕುಸಿದು ಕೂತರು. ಜೈನಾಬಿ ಅತ್ತಳು. ಸಾಬರಿಗೆ ಅಳು ಬರಲಿಲ್ಲ. ಕಣ್ಣ ಮುಂದೆ ಬಂದದ್ದು ತಿಮ್ಮಪ್ಪನ ಕೊಟ್ಟಿಗೆ ಬಾಗಿಲು.

ಆ ಸಂಜೆ ಒಬ್ಬ ದಲ್ಲಾಳಿ ಅವರ ಪಕ್ಕ ಬಂದು ಕೂತ. ಅವನ ಬಳಿ ಸೀಸದ ಮುದ್ರೆ ಒತ್ತಿದ ತಗಡಿನ ಡಬ್ಬಿಗಳಿದ್ದವು, ಹೋದ ವರ್ಷದ ಹಡಗಿನಲ್ಲಿ ಬಂದ, ಮಕ್ಕಾದ ಪವಿತ್ರ ಬಾವಿಯ ಜಮ್‌ಜಮ್ ನೀರು ಎಂದ. ಖರ್ಜೂರವಿತ್ತು, ಜಪಮಣಿ ಇತ್ತು. ‘‘ಮೂರು ತಿಂಗಳು ಎಲ್ಲಾದ್ರೂ ನೆಂಟರ ಮನೇಲಿದ್ದು, ಇದನ್ನ ತಗೊಂಡು ಊರಿಗೆ ಹೋಗಿ. ಯಾರು ಬಂದು ನೋಡ್ತಾರೆ?’’ ಎಂದು ಹಿಂದೂಸ್ತಾನಿಯಲ್ಲಿ ಕಿವಿಯೂದಿದ. ಸಾಬರು ಒಂದು ಡಬ್ಬಿ ಕೊಂಡು, ಹೆಂಡತಿಗೆ ಹೇಳದೆ, ಗಂಟಿನೊಳಗೆ ಕಂಬಳಿಯಲ್ಲಿ ಸುತ್ತಿಟ್ಟರು.

ಅರಸೀಕೆರೆಯಲ್ಲಿ ರೈಲು ಬದಲಾಯಿಸಿ ಹಾಸನಕ್ಕೆ ಬರುವಷ್ಟರಲ್ಲಿ ಸಾಬರು ಲೆಕ್ಕಾಚಾರ ಮುಗಿಸಿದ್ದರು. ಆ ರೈಲು ನೆಟ್ಟಗೆ ಹೊಳೆನರಸೀಪುರಕ್ಕೇ ಹೋಗುವುದು. ಆದರೂ ಹಾಸನ ಬಂದ ಕೂಡಲೇ ಗಂಟು ಎತ್ತಿ ಇಳಿದುಬಿಟ್ಟರು. ಜೈನಾಬಿ ಗಾಬರಿಯಿಂದ ಹಿಂದೆಯೇ ಇಳಿದಳು. ರೈಲು ಮುಂದೆ ಹೋಯಿತು.

‘‘ಯಾಕ್ರೀ ಇಲ್ಲಿಳಿದ್ರಿ?’’

‘‘ಅರಕಲಗೂಡು ಬಸ್ಸು ಇಲ್ಲಿಂದ ತಾನೆ? ನಿನ್ನಣ್ಣನ ಮನೇಲಿ ಶಿವರಾತ್ರಿ ಹೊತ್ಗಂಟ ಇರಣ. ಆಮೇಲೆ ಊರಿಗೆ ಓಗಣ.’’

ಜೈನಾಬಿ ಅವರ ಕೈಯ ಗಂಟು ಇಳಿಸಿ ಪ್ಲಾಟ್‌ಫಾರಂ ಮೇಲೆಯೇ ಇಟ್ಟು ಅದರ ಮೇಲೆ ಕೂತಳು. ತಗಡು ಚುಚ್ಚಿತು. ‘‘ಇದು ನೀವು ಕಂಬಳೀಲಿ ಸುತ್ತಿರೋ ಡಬ್ಬಿ ಅಲ್ವಾ? ಆ ದಲ್ಲಾಳಿ ಮಾತಾಡ್ತಿದ್ದಾಗ ನಾನು ಮಲಗಿದ್ದೆ ಅಂತ ತಿಳ್ಕಂಡ್ರೇನೊ. ನಿದ್ದೆ ಎಲ್ ಬರುತ್ತೆ ಅಂಥ ದಿನ.’’

ಸಾಬರು ಹಳಿಗಳ ಕಡೆ ನೋಡಿದರು. ‘‘ಮಾಫಿ ಇಲ್ದೆ ನಾನು ಹೆಂಗ್ ಮೊಕ ತೋರ್ಸಲಿ ಜೈನಾಬಿ? ಹಾಜಿಯಾಗಿ ಬತ್ತೀನಿ ಅಂದ್ಬುಟ್ಟೆ. ಸಂತೆ ಸಂತೆ ತಿರುಗಿ ಸಬೂರಿ ಸಬೂರಿ ಅಂದೋನು ನಾನು. ನಾಳೆ ಒಂದು ಕಥೆ ಹೇಳಾಕೆ ಬಾಯಿ ತೆಗದ್ರೆ ನಗಾಡ್ತಾರೆ.’’

‘‘ನಿಮ್ಮ ಹುದೈಬಿಯಾ ಕಥೆ ಹೇಳಿ ಒಂದ್ಸಲ.’’

‘‘ಇದು ಕಥೆ ಹೇಳೋ ಹೊತ್ತಾ?’’

‘‘ಹೇಳಿ ಅಂದೆ.’’

ಸಾಬರು ಒಲ್ಲದ ಮನಸ್ಸಿನಿಂದ ಹೇಳಿದರು. ತಡೆದರು, ಒಪ್ಪಂದವಾಯಿತು, ಪೈಗಂಬರರು ಹಿಂದಿರುಗಿದರು, ಎರಡು ವರ್ಷಕ್ಕೆ ಮಕ್ಕಾ ಬಾಗಿಲು ತೆಗೆಯಿತು.

‘‘ನಡುವೆ ಒಂದು ನುಂಗ್ಬುಟ್ರಿ,’’ ಎಂದಳು ಜೈನಾಬಿ. ಅವಳ ತಂದೆ ಅರಕಲಗೂಡಿನ ಮಸೀದಿಯಲ್ಲಿ ಬಾಂಗು ಕೂಗುತ್ತಿದ್ದವರು. ಗುರುವಾರ ಗುರುವಾರ ಮನೆಯ ಹೆಂಗಸರನ್ನು ಕೂರಿಸಿಕೊಂಡು ಇವೆಲ್ಲ ಹೇಳುತ್ತಿದ್ದರು. ‘‘ಯಾವಾಗ್ಲೂ ನುಂಗ್ತೀರ. ಸುತ್ತಿಗೆ ಸದ್ದಿಗೆ ಸರಿಹೊಂದಲ್ಲ ಅಂತೇನೊ. ಒಪ್ಪಂದ ಆದ್ಮೇಲೆ ಏನಾಯ್ತು? ಪೈಗಂಬರರು ಅಂದ್ರು, ಏಳಿ, ಯಾತ್ರೆ ಮುಗುದಂಗೆ ಇಲ್ಲೇ ಒಂಟೆ ಕುರ್ಬಾನಿ ಕೊಡಿ, ಇಲ್ಲೇ ತಲೆ ಬೋಳಿಸ್ಕೊಳಿ, ಓಗಣ. ಒಬ್ರೂ ಏಳ್ಲಿಲ್ಲ. ಮೂರು ಸಲ ಹೇಳಿದ್ರೂ ಏಳ್ಲಿಲ್ಲ. ಎಂಥೆಂಥ ಶೂರರು ಅವ್ರು. ಊರಿಗೆ ಬರಿಗೈಲಿ ಹೆಂಗೋಗದು ಅಂತ ಕುಂತ್ಬುಟ್ರು, ನಿಮ್ಮಂಗೆ.’’

ಸಾಬರು ಟೋಪಿ ತೆಗೆದು ಮತ್ತೆ ಇಟ್ಟುಕೊಂಡರು. ಜೈನಾಬಿ ಬಿಡಲಿಲ್ಲ.

‘‘ಆಗ ಪೈಗಂಬರರು ಬೇಸರದಲ್ಲಿ ಗುಡಾರದೊಳಕ್ಕೆ ಬಂದ್ರು. ಅವರ ಬೀಬಿ ಉಮ್ಮೆ ಸಲಮಾ ಅಂದ್ರು, ಆಚೆ ಓಗಿ, ಒಬ್ರ ಹತ್ರಾನೂ ಒಂದು ಮಾತೂ ಆಡಬೇಡಿ. ನಿಮ್ಮ ಕುರ್ಬಾನಿ ಕೊಡಿ, ಕ್ಷೌರದವನನ್ನ ಕರೆದು ತಲೆ ಬೋಳಿಸ್ಕೊಳಿ, ಎಲ್ರೂ ನೋಡೋ ಹಂಗೆ. ಪೈಗಂಬರರು ಅಂಗೇ ಮಾಡಿದ್ರು. ಅದನ್ನ ನೋಡಿ ಎಲ್ರೂ ಎದ್ರು. ಹೆಂಡ್ತಿ ಮಾತು ಅಂತ ಅವ್ರು ತಳ್ಳಾಕ್ಲಿಲ್ಲ. ನೀವು ಕಥೆಯಿಂದಾನೇ ತಳ್ಳಾಕಿದ್ರಿ.’’

‘‘ನಾವಿನ್ನೂ ಯಾತ್ರೆಯ ಇಹ್ರಾಮ್ ಬಟ್ಟೆ ಉಟ್ಟೇ ಇರ್ಲಿಲ್ಲ. ತಲೆ ಬೋಳಿಸ್ಕೊಳ್ಳೋ ಶಾಸ್ತ್ರ ನಮಗಿಲ್ಲ,’’ ಎಂದರು ಸಾಬರು ಮೆಲ್ಲಗೆ.

‘‘ಶಾಸ್ತ್ರಕ್ಕೆ ಯಾರು ಹೇಳಿದ್ರು? ನಿಮ್ಮ ತಲೇಲಿ ತುಂಬ್ಕಂಡಿರೋದು ಇಳೀಲಿ ಅಂತ. ನಾನಂತೂ ಮುಂದಿನ ರೈಲಿಗೆ ಊರಿಗೋಗ್ತೀನಿ. ಗಂಡ ಎಲ್ಲಮ್ಮ ಅಂದ್ರೆ ಅರಕಲಗೂಡಲ್ಲಿ ಅವಿತ್ಕಂಡವ್ನೆ ಅಂತೀನಿ.’’

ಅವಳು ಅಂದಳೆಂದರೆ ಮಾಡುವವಳು. ಸಾಬರಿಗೆ ಅದು ಗೊತ್ತಿತ್ತು. ಬೇವಿನ ನೆರಳು ಹಳಿ ದಾಟುವವರೆಗೂ ಅವರು ಕೂತೇ ಇದ್ದರು. ಬಿಲಾಲರ ಎದೆಯ ಬಂಡೆ ಹೇಳುವುದು ಸುಲಭ, ಅದು ಇನ್ನೊಬ್ಬರ ಎದೆಯ ಮೇಲಿತ್ತು. ತಮ್ಮದು ಅಂಗೈಯಗಲದ ಅವಮಾನ, ಅದನ್ನೇ ಹೊರಲು ಬೆನ್ನು ಬಾಗುತ್ತಿತ್ತು. ಕಡೆಗೆ ಎದ್ದು ಟಿಕೀಟು ತರಲು ಹೋದರು.

ಊರಿಗೆ ಬಂದು ಇಳಿದ ದಿನ ಸಂತೆ. ಬೇರೆ ದಿನವಾಗಿದ್ದರೆ ಹಿಂದಿನ ಓಣಿಯಲ್ಲಿ ಮನೆ ಸೇರಬಹುದಿತ್ತು. ಸಾಬರು ಜೈನಾಬಿಯನ್ನು ಮನೆಗೆ ಕಳಿಸಿ, ಕೈಯಲ್ಲಿ ಆ ಡಬ್ಬಿಯೊಂದನ್ನೇ ಹಿಡಿದು, ನಡುಸಂತೆಗೆ ನಡೆದರು.

‘‘ಅರೆ, ಹಾಜಿ ಸಾಬ್ರು. ಇಷ್ಟು ಬೇಗ ಬಂದ್ಬುಟ್ರಾ?’’ ಎಂದ ಬೆಲ್ಲದ ವ್ಯಾಪಾರಿ. ಸಾಬರು ತುಟಿ ಬಿಚ್ಚಲಿಲ್ಲ. ‘‘ಹಡಗಿಲ್ವಂತೆ ಕಣ್ಲಾ, ಪಂಚಾಕ್ಷರಯ್ಯನೋರು ಪೇಪರ್ ಓದಿ ಹೇಳ್ತಿದ್ರು,’’ ಎಂದ ಇನ್ನೊಬ್ಬ. ‘‘ಅಂಗಾದ್ರೆ ಬೊಂಬಾಯಿ ಹಾಜಿ ಅನ್ನು,’’ ಎಂದ ಮತ್ತೊಬ್ಬ. ನಗು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹರಿಯಿತು. ಸಾಬರ ಕಿವಿ ಕಾದ ಲಾಳದಂತಾಯಿತು, ಆದರೆ ಕಾಲು ನಿಲ್ಲಲಿಲ್ಲ.

ಕ್ಷೌರದ ಲಕ್ಕಯ್ಯ ಹುಣಸೆಮರದ ಇನ್ನೊಂದು ಮಗ್ಗುಲಲ್ಲಿ ಗೋಣಿ ಹಾಸಿಕೊಂಡಿದ್ದ. ಸಾಬರು ಅವನ ಮುಂದೆ ಕೂತು, ಟೋಪಿ ತೆಗೆದು, ಇಡೀ ತಲೆಯ ಮೇಲೆ ಅಂಗೈ ಆಡಿಸಿ ತೋರಿಸಿದರು.

‘‘ಪೂರಾನಾ ಸಾಬ್ರೆ? ಯಾರಾದ್ರೂ ತೀರ್ಕಂಡ್ರಾ?’’

ಸಾಬರು ಇಲ್ಲವೆಂದು ತಲೆಯಾಡಿಸಿದರು. ಲಕ್ಕಯ್ಯ ಬಟ್ಟಲು ನೋಡಿದ, ನೀರಿರಲಿಲ್ಲ. ‘‘ಇರಿ, ತಂದ್ಬಿಡ್ತೀನಿ’’ ಎಂದು ಎದ್ದವನ ತೋಳು ಹಿಡಿದು ಸಾಬರು ಕೂರಿಸಿದರು. ಅವನ ಉಗುರು ತೆಗೆಯುವ ಉಳಿಯನ್ನೇ ಎತ್ತಿಕೊಂಡು ಡಬ್ಬಿಯ ಸೀಸದ ಮುದ್ರೆಗೆ ಹಾಕಿ ಒಂದೇ ಏಟಿಗೆ ಕಿತ್ತರು. ಸುತ್ತ ನಿಂತವರಲ್ಲಿ ಒಬ್ಬಿಬ್ಬರು ಮುಸಲ್ಮಾನರಿದ್ದರು. ಅವರಿಗೆ ಆ ಮುದ್ರೆ ಏನೆಂದು ಗೊತ್ತಾಯಿತು. ಒಬ್ಬರು ತಡೆಯಲು ಮುಂದೆ ಬಂದರು, ಸಾಬರ ಮುಖ ನೋಡಿ ನಿಂತರು. ಸಾಬರು ಬಿಸ್ಮಿಲ್ಲಾ ಎಂದು ಮನಸ್ಸಿನಲ್ಲೇ ಅಂದುಕೊಂಡು, ಆ ನೀರನ್ನು ಕಡೆಯ ಹನಿಯವರೆಗೂ ತಮ್ಮ ತಲೆಯ ಮೇಲೆ ಸುರಿದುಕೊಂಡರು. ಅದು ಮಕ್ಕಾದ್ದೋ ಬೊಂಬಾಯಿ ನಲ್ಲಿಯದೋ, ತಣ್ಣಗಿತ್ತು. ಊರಿಗೆ ಸುಳ್ಳು ಹೇಳಲು ಇನ್ನು ಅವರ ಬಳಿ ಏನೂ ಉಳಿಯಲಿಲ್ಲ.

ಕತ್ತಿ ಆಡಿತು. ನಗು ಯಾವಾಗ ನಿಂತಿತೋ ಸಾಬರಿಗೆ ತಿಳಿಯಲಿಲ್ಲ. ಕಣ್ಣು ತೆರೆದಾಗ ಪಂಚಾಕ್ಷರಯ್ಯ ಕೊಡೆ ಊರಿಕೊಂಡು ಎದುರಿಗೆ ನಿಂತಿದ್ದರು. ‘‘ನಾನು ಹೇಳ್ದೆ ಸಾಬ್ರೆ, ನೀವು ಕೇಳ್ಲಿಲ್ಲ.’’

‘‘ಕೇಳ್ಲಿಲ್ಲ ಸ್ವಾಮಿ, ನನ್ನದೇ ತಪ್ಪು,’’ ಎಂದರು ಸಾಬರು. ಸಂತೆಗೆ ಕಾಲಿಟ್ಟ ಮೇಲಿನ ಮೊದಲ ಮಾತು ಅದು. ‘‘ಹಡಗು ಬಿಟ್ಟ ವರ್ಷ ಓಗ್ತೀನಿ.’’

ಅಲ್ಲಿಂದ ನೇರ ತಿಮ್ಮಪ್ಪನ ಮನೆಗೆ ಹೋದರು. ಕೊಟ್ಟಿಗೆ ಬಾಗಿಲಿಗೆ ಅಗುಳಿ ಬಿದ್ದಿತ್ತು. ಅವನ ಹೆಂಡತಿ ಪುಟ್ಟತಾಯಮ್ಮ ಹೊರಗೆ ಬಂದು, ‘‘ಬೆಳಗೊಳಕ್ಕೆ ಸರ್ಕು ಹೊಡ್ಕಂಡು ಓಗವ್ರೆ ಸಾಬ್ರೆ. ಇದೇನು ನಿಮ್ಮ ತಲೆ?’’ ಎಂದಳು.

‘‘ಮಕ್ಕಾಗೆ ಓಗ್ಲಿಲ್ಲ, ಮಾಫಿ ಕೇಳಾಕೂ ಬರ್ಲಿಲ್ಲ, ಓಗ್ಲಿಲ್ಲ ಅಂತ ಹೇಳೋಗಾಕೆ ಬಂದೆ ಅಂತ ಹೇಳಮ್ಮ,’’ ಎಂದು ಸಾಬರು ತಿರುಗಿದರು.

ಬೊಂಬಾಯಿ ಹಾಜಿ ಎಂಬ ಹೆಸರು ಹೋಗಲಿಲ್ಲ, ಹೆತ್ತವರಿಟ್ಟ ಹೆಸರಿಗಿಂತ ಗಟ್ಟಿಯಾಗಿ ಅಂಟಿತು. ಮುಂದಿನ ಸಂತೆಗೆ ಸಾಬರು ಹಗ್ಗ, ಸುತ್ತಿಗೆ ಹಿಡಿದು ಹುಣಸೆಮರದ ಬುಡದಲ್ಲಿ ಕೂತರು. ‘‘ಏನ್ ಬೊಂಬಾಯಿ ಹಾಜಿಗಳೇ’’ ಎಂದವರಿಗೆ ‘‘ಏನಪ್ಪ’’ ಎಂದರು. ಕಥೆ ಕೇಳಿದವರಿಗೆ ಹುದೈಬಿಯಾದ ಕಥೆ ಹೇಳಿದರು, ಈ ಸಲ ಗುಡಾರದೊಳಗಿನ ಮಾತನ್ನು ನುಂಗದೆ. ಕಥೆ ಉದ್ದವಾಯಿತು. ಲಾಳ ಮುಗಿದ ಮೇಲೂ ಗಾಡಿಯವರು ಎತ್ತಿನ ಕಟ್ಟು ಬಿಚ್ಚಿಸದೆ ಕೂತು ಕೇಳಿದರು.

ಹಾಗೆ ಹೇಳುತ್ತಿದ್ದಾಗಲೇ ಒಂದು ಸಂತೆಯ ದಿನ ಜನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ತಿಮ್ಮಪ್ಪ ಮಾಸನ ಮೂಗುದಾರ ಹಿಡಿದು ನಿಂತಿದ್ದ. ಎತ್ತಿಗೆ ವಯಸ್ಸಾಗಿತ್ತು, ಮುಂಗಾಲಿನ ಲಾಳ ಸವೆದು ತಗಡಾಗಿತ್ತು.

‘‘ಹಾಸನಕ್ಕೆ ಯಾಕೆ ಓಗ್ಲಿಲ್ಲ?’’ ಎಂದರು ಸಾಬರು.

‘‘ಅಲ್ಲಿಯೋನು ಕಥೆ ಹೇಳಾಕಿಲ್ಲ. ಕೆಡವು.’’

ಸಾಬರು ಹಗ್ಗ ಸುತ್ತಿದರು. ಮಾಸ ನಿಧಾನವಾಗಿ ಮಗ್ಗುಲಾದ. ಹಿಂದೆ ಜೀವಕ್ಕೆ ತಾಗಿದ್ದ ಗೊರಸು ಅದೇ. ಹಳೆಯ ಗಾಯದ ಕಪ್ಪು ಗೆರೆ ಇನ್ನೂ ಇತ್ತು. ಸಾಬರು ಕಥೆ ನಿಲ್ಲಿಸಿ ಮೊಳೆ ಹಿಡಿದರು. ತಿಮ್ಮಪ್ಪ ಎತ್ತಿನ ತಲೆಯ ಬಳಿ ಕುಕ್ಕರುಗಾಲಲ್ಲಿ ಕೂತು ಕೊಂಬು ಅದುಮಿ ಹಿಡಿದುಕೊಂಡ.

‘‘ತಿಮ್ಮಪ್ಪ,’’ ಎಂದರು ಸಾಬರು ಸುತ್ತಿಗೆ ಎತ್ತುತ್ತಾ, ‘‘ಆ ಮಾಫಿ...’’

‘‘ಅದು ಅಲ್ಲಿಗೆ ಓಗಿ ಬಂದ್ಮೇಲೆ,’’ ಎಂದ ತಿಮ್ಮಪ್ಪ ಕೊಂಬು ಬಿಡದೆ. ‘‘ಓಗೋನು ನೀನು ಓಗೇ ಓಗ್ತೀಯ. ನಾನೆಲ್ಲೂ ಓಗಾಕಿಲ್ಲ. ಈಗ ಮೊಳೆ ನೋಡ್ಕಂಡ್ ಹೊಡಿ.’’

ಸಾಬರು ಮೊಳೆ ನೋಡಿಕೊಂಡು ಹೊಡೆದರು.