ಹಗಲು ನಿದ್ದೆಗೊಂದು ಕೋಣೆ

ಕೊರೊನಾ ಕಳೆದ ಮೊದಲ ಬೇಸಿಗೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಲ್ಲಿ ಮನೆಗಳ ನಕ್ಷೆ ಹಾಕಿ ಕಟ್ಟಿಸಿಕೊಡುವ ಸಿವಿಲ್ ಎಂಜಿನಿಯರ್ ಆಗಿ ಓಡಾಡುತ್ತಿದ್ದೆ. ಜೇವರ್ಗಿಯಲ್ಲಿ ಬೀಜದ ಅಂಗಡಿ ಇಟ್ಟಿದ್ದ ಬಸವರಾಜ ಹೊಸ ಮನೆ ಕಟ್ಟಲು ಹೊರಟಿದ್ದರು. ಅವರ ಹೆಂಡತಿ ಸುನಂದಾ ಹೆರಿಗೆ ವಾರ್ಡಿನಲ್ಲಿ ನರ್ಸ್. ಹೆಚ್ಚಾಗಿ ರಾತ್ರಿ ಪಾಳಿ.

ನಕ್ಷೆ ತೋರಿಸಲು ಅವರ ಬಾಡಿಗೆ ಮನೆಗೆ ಹೋದಾಗ ಮಟಮಟ ಮಧ್ಯಾಹ್ನ. ತಗಡಿನ ಚಾವಣಿ ಕಾದಿತ್ತು. ಒಳಗೆ ಮಲಗಿದ್ದ ಸುನಂದಾ ಬೆವರಿನಲ್ಲಿ ತೊಯ್ದು ಎದ್ದು ಬಂದರು.

"ನಿದ್ದಿ ಆಗಲಿಲ್ಲೇನವ್ವಾ?" ಎಂದರು ಅತ್ತೆ ಮಹಾದೇವಮ್ಮ.

"ಎಲ್ಲಿ ನಿದ್ದಿ ಅತ್ತಿ? ರೊಟ್ಟಿ ಹಂಚಿನ ಮ್ಯಾಲ ಮಲಗಿದಂಗ ಆಗ್ಯದ. ನಿನ್ನಿ ರಾತ್ರಿ ಕೂಸಿಗೆ ಸೂಜಿ ಮಾಡಾಕ ಹೋದ್ರ ಕೈ ನಡುಗಿತು. ಹೊಸ ಮನ್ಯಾಗೂ ಹಿಂಗೇ ಆದ್ರ ನೌಕರಿ ಬಿಡ್ತೇನಿ."

"ಎಸಿ ಹಾಕಸ್ತೇನಿ ತಗೋ," ಎಂದರು ಬಸವರಾಜ.

"ಹಗಲ್ಹೊತ್ತು ಕರೆಂಟೇ ಇರೂದಿಲ್ಲ. ಅದೇನ್ ನಿಮ್ಮ ಅಂಗಡ್ಯಾಗ ಮೊಳೀತದೇನ್ರಿ?"

ಬಸವರಾಜ ನನ್ನ ಕಡೆ ನೋಡಿದರು. ವಾಸ್ತು ಪ್ರಕಾರ ಅವರು ಕೇಳಿದಂತೆ ಮಲಗುವ ಕೋಣೆಯನ್ನು ನೈಋತ್ಯದಲ್ಲಿ ಬರೆದಿದ್ದೆ. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಹೊಡೆಯುವುದು ಅದೇ ಮೂಲೆಗೆ. ಗೋಡೆಗೆ ಕ್ಯಾವಿಟಿ, ಅಂದರೆ ಎರಡು ಪದರಗಳ ನಡುವೆ ಎರಡಿಂಚು ಗಾಳಿಯ ಸಂದು ಇಟ್ಟಿದ್ದೆ. ಮಾಳಿಗೆಯ ಮೇಲೆ ಶಾಖ ತಡೆಯುವ ಬಿಳಿ ಟೈಲ್ಸ್ ಚೂರುಗಳೂ ಇದ್ದವು. ಆದರೂ ಆ ನಿವೇಶನದಲ್ಲಿ ಹಗಲು ನಿದ್ದೆಗೆ ತಕ್ಕ ತಂಪು ಸಿಗುವುದು ಈಶಾನ್ಯದಲ್ಲಿ ಮಾತ್ರ. ಪಕ್ಕದ ಮನೆಯ ನೆರಳು ಅದಕ್ಕೆ ಮುಂಜಾನೆಯಿಂದಲೇ ಬೀಳುತ್ತಿತ್ತು. ನಕ್ಷೆಯಲ್ಲಿ ಅದು ದೇವರ ಕೋಣೆ. ಇದ್ದದ್ದನ್ನು ಇದ್ದಂತೆ ಹೇಳಿದೆ.

"ಅವ್ವ ಒಪ್ಪೂದಿಲ್ರಿ ಸರ," ಬಸವರಾಜ ದನಿ ತಗ್ಗಿಸಿದರು.

ಮಹಾದೇವಮ್ಮ ನಕ್ಷೆಯನ್ನು ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ಸೆರಗಿನೊಳಗಿಂದ, ಕೊರಳಲ್ಲಿ ಕಟ್ಟಿಕೊಂಡಿದ್ದ ಇಷ್ಟಲಿಂಗದ ಕರಡಿಗೆಯನ್ನು ಹೊರತೆಗೆದರು.

"ನಾ ಹುಟ್ಟಿದಾಗಿಂದ ನಮ್ಮ ಲಿಂಗಪ್ಪ ಇಲ್ಲೇ ಅದಾನ. ಒಂದಿನಾನೂ ಖೋಲಿ ಕೇಳಿಲ್ಲ. ನಡುವ ನಿಂದೇನೋ ವಕೀಲಿಕಿ? ಎಂಜಿನಿಯರ್ ಸಾಹೇಬ್ರ, ನನಗ ಗ್ವಾಡ್ಯಾಗ ಒಂದು ಗೂಡು ಬಿಡ್ರಿ, ಸಾಕು. ಆ ಖೋಲಿ ಈಕಿಗಿರಲಿ."

"ಮತ್ತ ನೈಋತ್ಯದಾಗ ಏನಿಡೂದವ್ವಾ?"

"ಜ್ವಾಳದ ಚೀಲ ಇಡು. ಅವಕ್ಕೇನ್ ನೈಟ್ ಡ್ಯೂಟಿ ಅದ ಏನು?"

ಸುನಂದಾ ನಕ್ಕರು, ಸೆರಗಿನಿಂದ ಒರೆಸಿಕೊಂಡದ್ದು ಬರೀ ಬೆವರಲ್ಲ.

ಮುಂದಿನ ಮೇ ತಿಂಗಳಲ್ಲಿ ಥರ್ಮಾಮೀಟರ್ ಹಿಡಿದು ಹೊಸ ಮನೆಗೆ ಹೋದೆ. ಹೊರಗೆ 42 ಡಿಗ್ರಿ. ಈಶಾನ್ಯದ ಕೋಣೆಯೊಳಗೆ ನೋಡಬೇಕೆಂದರೆ ಮಹಾದೇವಮ್ಮ ಬಿಡಲಿಲ್ಲ. ಥರ್ಮಾಮೀಟರ್ ಇಸಿದುಕೊಂಡು, ತಾವೇ ಒಳಗಿಟ್ಟು, ಸ್ವಲ್ಪ ಹೊತ್ತಿನ ಮೇಲೆ ತಂದರು. 33 ಇತ್ತು.

"ಗೊರಕಿ ಹೊಡಿಯಾಕತ್ತಾಳ್ರಿ. ಅದನ್ನೂ ಬರಕೋರಿ," ಎಂದರು.

ಈಗ ಯಾರೇ ಮನೆ ಕಟ್ಟಿಸಲು ಬಂದರೂ, ಎಷ್ಟು ಕೋಣೆ ಎನ್ನುವ ಮೊದಲು, ಯಾವ ಹೊತ್ತಿಗೆ ಯಾರು ಎಲ್ಲಿರುತ್ತಾರೆ ಎಂದು ಕೇಳುತ್ತೇನೆ. ತಂಪು ಮೂಲೆ ಯಾವುದೆಂದು ಎಂಜಿನಿಯರ್ ತೋರಿಸಬಲ್ಲ. ಅದು ಯಾರಿಗೆಂದು ಮನೆಯವರೇ ಹೇಳಬೇಕು.