ಕಾನ್‌ಸ್ಟೇಬಲ್ ಕೈಯಲ್ಲಿದ್ದ ನಾಲ್ಕು ಕೀ

ಟ್ರಾಫಿಕ್ ಪೊಲೀಸರ ಮುಂದೆ ಅಪ್ಪ ನಗುತ್ತಿದ್ದ ನಗು ನನಗೆ ಸೇರುತ್ತಿರಲಿಲ್ಲ. ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಒಂದು ಇಡೀ ಶಿಫ್ಟನ್ನು ನಡೆಸುವ ಇಂಜಿನಿಯರ್ ಅವನು. ಗಾಜುವಾಕ ಜಂಕ್ಷನ್ನಿನಲ್ಲಿ ಒಬ್ಬ ಕಾನ್‌ಸ್ಟೇಬಲ್ ಕೈಚಾಚಿ ಸ್ಕೂಟರಿನ ಕೀ ಕಿತ್ತುಕೊಂಡರೆ ಸಾಕು, ಹೋಮ್‌ವರ್ಕ್ ಮರೆತ ಹುಡುಗನಂತೆ ನಿಂತುಬಿಡುತ್ತಿದ್ದ. ಕಾಗದವೆಲ್ಲ ಸರಿಯಿದ್ದರೂ ಅದೇ ನಗು. ಹಿಂದಿನ ಸೀಟಿನಲ್ಲಿ ಕೂತ ನಾನು ಮನಸ್ಸಿನಲ್ಲೇ ಭಾಷಣ ಕಟ್ಟುತ್ತಿದ್ದೆ.

ಕಾಲೇಜಿಗೆ ಬಂದಮೇಲೆ ಆ ಭಾಷಣಗಳಿಗೆ ವೇದಿಕೆ ಸಿಕ್ಕಿತು. ಡಿಬೇಟ್ ತಂಡದಲ್ಲಿ ನಮಗೆ ಕಲಿಸಿದ ಮೊದಲ ಪಾಠ ಒಂದೇ: ಎದುರಾಳಿ ಏನೇ ಹೇಳಲಿ, ಆಧಾರ ಕೇಳು. ನಾನು ದೇವರ ಪ್ರಸಾದಕ್ಕೂ ಆಧಾರ ಕೇಳುವ ಹಂತ ಮುಟ್ಟಿದ್ದೆ. ಮೋಟಾರು ವಾಹನ ಕಾಯ್ದೆಯನ್ನು ಫೋನಿಗೆ ಡೌನ್‌ಲೋಡ್ ಮಾಡಿಕೊಂಡಿದ್ದೆ. ಪೂರ್ತಿ ಓದಿದ್ದೇನೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದೆ.

ಆ ಹೊತ್ತಿಗೆ ಅಮ್ಮನಿಗೆ ಧಾರವಾಡದಿಂದ ವಿಜಯವಾಡಕ್ಕೆ ವರ್ಗವಾಗಿತ್ತು. ಬ್ಯಾಂಕ್ ಕೆಲಸ, ಎಲ್ಲಿ ಹಾಕಿದರೆ ಅಲ್ಲಿ. ಪಟಮಟದಲ್ಲಿ ಬಾಡಿಗೆ ಮನೆ ಮಾಡಿದಳು, ಧಾರವಾಡದಲ್ಲಿ ಕೊಂಡಿದ್ದ ಕಾರನ್ನೂ ಜೊತೆಗೆ ತಂದಳು. ಕಾರಿನ ನಂಬರು ಕರ್ನಾಟಕದ್ದು. ಸೆಮಿಸ್ಟರ್ ರಜೆಯಲ್ಲಿ ನಾನು ವಿಶಾಖಪಟ್ಟಣದಿಂದ ಬಂದಾಗಲೆಲ್ಲ ಅವಳ ಡ್ರೈವರ್ ನಾನೇ. ಆ ನಂಬರು ನೋಡಿ ಪೊಲೀಸರು, ನಾನಿಲ್ಲದಾಗ, ಎಂಟು ತಿಂಗಳಲ್ಲಿ ಬೇರೆ ಕಾರುಗಳನ್ನು ಬಿಟ್ಟು ನಮ್ಮದನ್ನೇ ಎಷ್ಟು ಸಲ ನಿಲ್ಲಿಸಿದ್ದರೋ!

ಆ ದಿನ ಒಂದನೇ ತಾರೀಖು. ಪಿಂಚಣಿಯ ಹಿರಿಯರು ಬೆಳಿಗ್ಗೆಯೇ ಬಂದು ಬ್ರಾಂಚಿನ ಮೆಟ್ಟಿಲ ಮೇಲೆ ಕೂರುವ ದಿನ. ಅಮ್ಮನ ಕೈಚೀಲದಲ್ಲಿ ಸ್ಟ್ರಾಂಗ್‌ರೂಮಿನ ಕೀ ಇತ್ತು. ಆ ಕೋಣೆಯ ಬಾಗಿಲಿಗೆ ಎರಡು ಕೀ. ಒಂದು ಹೆಡ್ ಕ್ಯಾಷಿಯರ್ ಬಳಿ, ಇನ್ನೊಂದು ಹದಿನೈದು ದಿನದಿಂದ ಅಮ್ಮನ ಬಳಿ. ಇಬ್ಬರೂ ಬಂದು ನಿಂತರೆ ಮಾತ್ರ ಬಾಗಿಲು ತೆರೆಯುತ್ತದೆ. ಕೀಯನ್ನು ಮತ್ತೊಬ್ಬರ ಕೈಯಲ್ಲಿ ಕಳಿಸುವಂತಿಲ್ಲ, ಮಗಳಾದರೂ. ಒಂಬತ್ತೂವರೆಗೆ ಬಾಗಿಲು ತೆರೆಯದಿದ್ದರೆ ಅಮ್ಮ ಲಿಖಿತ ವಿವರಣೆ ಕೊಡಬೇಕು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಅವಳು ಅಂಥದೊಂದು ಕಾಗದ ಬರೆದವಳಲ್ಲ.

ಆಟೋನಗರ್ ಕಡೆಯ ತಿರುವಿನಲ್ಲಿ ಕಾನ್‌ಸ್ಟೇಬಲ್ ಕೈ ಅಡ್ಡ ಹಾಕಿದ. ಗಡಿಯಾರ ಒಂಬತ್ತು ಹತ್ತು.

"ಬಂಡಿ ಪಕ್ಕಕ್ಕೆ, ಅಮ್ಮಾ. ಲೈಸೆನ್ಸ್, ಆರ್‌ಸಿ," ಎಂದ ತೆಲುಗಿನಲ್ಲಿ.

ನಾನು ಕಿಟಕಿ ಇಳಿಸಿದೆ. ಎದೆ ಡವಗುಟ್ಟುತ್ತಿತ್ತು. ಸುಳ್ಳೇಕೆ, ಖುಷಿಗೆ. ಇಷ್ಟು ವರ್ಷ ಕಾದದ್ದೇ ಇದಕ್ಕೆ!

"ಕಾಗದ ಕೇಳುವ ಅಧಿಕಾರ ನಿಮಗಿಲ್ಲ," ನಾನೂ ತೆಲುಗಿನಲ್ಲೇ ಹೇಳಿದೆ. "ಎಸ್‌ಐ ಗಾರು ಬಂದು ಕೇಳಲಿ, ತೋರಿಸ್ತೀನಿ."

"ಲಗೂನ ತೋರಿಸಿಬಿಡವಾ," ಎಂದಳು ಅಮ್ಮ ಪಕ್ಕದಿಂದ.

"ಇರಮ್ಮಾ, ಇದು ತತ್ವದ ಪ್ರಶ್ನೆ."

ಕಾನ್‌ಸ್ಟೇಬಲ್‌ಗೆ ತತ್ವದಲ್ಲಿ ಆಸಕ್ತಿ ಇರಲಿಲ್ಲ. ಕಿಟಕಿಯೊಳಗೆ ಕೈ ಹಾಕಿ ಎಂಜಿನ್ ಆರಿಸಿ ಕೀ ಎಳೆದುಕೊಂಡ. ಅವನ ಬೆರಳಲ್ಲಿ ಆಗಲೇ ಮೂರು ಬೈಕಿನ ಕೀ ನೇತಾಡುತ್ತಿದ್ದವು. ನಮ್ಮದು ನಾಲ್ಕನೆಯದು. ಬೈಕಿನವರು ಮೂವರೂ ರಸ್ತೆ ಬದಿಯಲ್ಲಿ ನಿಂತಿದ್ದರು. ಮೂವರ ಮುಖದಲ್ಲೂ ಅಪ್ಪನ ನಗು.

ನಾನು ಇಳಿದೇಬಿಟ್ಟೆ.

ಎಸ್‌ಐ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಟೀ ಕುಡಿಯುತ್ತಿದ್ದರು. ನೇರ ಅವರ ಮುಂದೆ ಹೋಗಿ ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡೆ. ಅವರು ಪೂರ್ತಿ ಕೇಳಿ, ಲೋಟ ಕೆಳಗಿಟ್ಟು, ಒಂದೇ ಮಾತು ಕೇಳಿದರು: "ಯಾವ ಸೆಕ್ಷನ್‌ನಲ್ಲಿದೆಯಮ್ಮಾ, ಕಾನ್‌ಸ್ಟೇಬಲ್ ಕೇಳಬಾರದು ಅಂತ?"

ಆಧಾರ! ನನ್ನ ಅಸ್ತ್ರವನ್ನೇ ನನ್ನ ಮೇಲೆ ಬಿಟ್ಟಿದ್ದರು. ಫೋನು ತೆಗೆದೆ, ಕಾಯ್ದೆ ತೆರೆದೆ, ನೂರಾ ಮೂವತ್ತನೇ ಸೆಕ್ಷನ್ ಹುಡುಕಿದೆ. ಗಟ್ಟಿಯಾಗಿ ಓದತೊಡಗಿದೆ. ಸಾರ್ವಜನಿಕ ಸ್ಥಳದಲ್ಲಿ ವಾಹನ ನಡೆಸುವವರು, ಸಮವಸ್ತ್ರದಲ್ಲಿರುವ ಯಾವುದೇ ಪೊಲೀಸ್ ಅಧಿಕಾರಿ ಕೇಳಿದಾಗ...

"ನಿಲ್ಲಿಸಬೇಡಮ್ಮಾ, ಓದು."

"...ಲೈಸೆನ್ಸ್ ತೋರಿಸತಕ್ಕದ್ದು."

"ನಮ್ಮವನು ಏನು ಹಾಕಿಕೊಂಡಿದ್ದಾನೆ? ಪಂಚೆಯಾ?"

ಬೈಕಿನವರು ಕಿಸಕ್ಕನೆ ನಕ್ಕರು. ಎಸ್‌ಐ ಬಂದರೆ ಮಾತ್ರ ಕಾಗದ ತೋರಿಸಬೇಕು ಎಂದು ನನಗೆ ಹೇಳಿದ್ದು ಯಾರೋ ಕಳಿಸಿದ ಒಂದು ವೀಡಿಯೊ. ಎಲ್ಲರಿಗೂ ಆಧಾರ ಕೇಳುವ ನಾನು ಅದಕ್ಕೆ ಕೇಳಿರಲಿಲ್ಲ. ಮುಖ ಕಾದ ಹೆಂಚಾಯಿತು. ಆದರೆ ಡಿಬೇಟಿನಲ್ಲಿ ಎರಡನೇ ಪಾಠವೂ ಇದೆ: ಸೋತ ಪಾಯಿಂಟನ್ನು ಅಲ್ಲೇ ಬಿಟ್ಟು ಮುಂದಕ್ಕೆ ಹೋಗು.

"ಒಪ್ಪಿದೆ ಸಾರ್. ತಪ್ಪು ನನ್ನದು." ಡಿಜಿಲಾಕರ್ ತೆರೆದು ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್ ಒಂದೊಂದಾಗಿ ತೋರಿಸಿದೆ. "ಈಗ ನನ್ನ ಸರದಿ. ಕೀ ಕಿತ್ತುಕೊಳ್ಳಬಹುದು ಅಂತ ಯಾವ ಸೆಕ್ಷನ್‌ನಲ್ಲಿದೆ?"

ಎಸ್‌ಐ ಮತ್ತೆ ಲೋಟ ಎತ್ತಿಕೊಂಡರು. "ನೋಡಮ್ಮಾ, ಕೀ ತೆಗೀದಿದ್ರೆ ಓಡಿಹೋಗ್ತಾರೆ."

"ಮನುಷ್ಯ ಓಡಬಹುದು ಸಾರ್, ನಂಬರ್ ಪ್ಲೇಟ್ ಎಲ್ಲಿಗೆ ಓಡುತ್ತೆ? ಆ ಕಂಬದ ಮೇಲೆ ಕ್ಯಾಮೆರಾ ಇದೆಯಲ್ಲ. ಲೈಸೆನ್ಸೇ ಇಲ್ಲ, ರಿಜಿಸ್ಟ್ರೇಷನ್ನೇ ಇಲ್ಲ ಅಂದರೆ ಬಂಡಿ ಸೀಜ್ ಮಾಡಿ. ಅದಕ್ಕೆ ಬೇರೆ ಸೆಕ್ಷನ್ ಇದೆ, ರಸೀದಿ ಇದೆ. ಕಾಗದ ನೋಡುವ ಮೊದಲೇ ಕೀ ಎಳೆದರೆ ಅದಕ್ಕೆ ಏನು ಹೆಸರು?"

"ಅಭ್ಯಾಸ," ಎಂದರು ಎಸ್‌ಐ.

ಬೈಕಿನವರೊಬ್ಬರು, ನಡುವಯಸ್ಸಿನವರು, ಅಲ್ಲಿಯತನಕ ಬಾಯಿ ಬಿಡದವರು, "ಓಡೋ ಬಂಡಿಯಿಂದಲೇ ಕಿತ್ತರು ಸಾರ್. ಬಿದ್ದಿದ್ದರೆ?" ಎಂದರು. ಅಷ್ಟೇ. ಆದರೆ ಆ ಒಂದು ಮಾತಿಗೆ ನನ್ನ ಮೈ ಜುಮ್ಮೆಂದಿತು. ಡಿಬೇಟಿನಲ್ಲಿ ಯಾವ ಕಪ್, ಯಾವ ಪದಕ ಬಂದಾಗಲೂ ಹಾಗಾಗಿರಲಿಲ್ಲ.

ಎಸ್‌ಐ ಕಾನ್‌ಸ್ಟೇಬಲ್ ಕಡೆ ನೋಡಿದರು. ಅವನು ನೆಲ ನೋಡಿದ. "ಮೊದಲು ಅವರವರ ಕೀ ಕೊಡು. ಆಮೇಲೆ ಕಾಗದ ನೋಡು," ಎಂದರು. ಕೀಗಳು ಒಂದೊಂದಾಗಿ ಅವನ ಬೆರಳು ಬಿಟ್ಟು ಇಳಿದವು. ಮೂರು. ನಾಲ್ಕನೆಯದಕ್ಕೆ ನಾನು ಕೈಚಾಚುವಷ್ಟರಲ್ಲಿ ಎಸ್‌ಐ ಬೆರಳೆತ್ತಿದರು.

"ಇದು ಕರ್ನಾಟಕದ ಬಂಡಿ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ದಾಟಿ ಇಟ್ಟುಕೊಂಡರೆ ನಂಬರು ಬದಲಾಯಿಸಬೇಕು. ಸೆಕ್ಷನ್ ನಲವತ್ತೇಳು. ಅದನ್ನೂ ಓದ್ತೀಯಾ?"

"ಎಂಟೇ ತಿಂಗಳು ಸಾರ್!"

"ಆಧಾರ?"

ಆಹಾ, ಎಂಥ ಎದುರಾಳಿ! ಯಾವ ಫೈನಲ್ಲಿನಲ್ಲೂ ಇಂಥವರು ಸಿಕ್ಕಿರಲಿಲ್ಲ. ಆಧಾರ ಅಮ್ಮನ ಹತ್ತಿರ ಇದ್ದೇ ಇರುತ್ತದೆ. ಬ್ಯಾಂಕಿನವಳು, ತನ್ನ ಇಡೀ ಬದುಕಿಗೆ ಜೆರಾಕ್ಸ್ ಇಟ್ಟವಳು. "ಅಮ್ಮಾ, ಆ ಆರ್ಡರ್..." ಎನ್ನುತ್ತ ಕಾರಿನ ಕಡೆ ತಿರುಗಿದೆ.

ಕಾರು ಖಾಲಿ.

ಬೈಕಿನ ನಡುವಯಸ್ಸಿನವರೇ ಹೇಳಿದರು: "ನಿಮ್ಮಮ್ಮ ಆಟೋ ಹತ್ತಿ ಹೋದರಮ್ಮಾ. ನೀವು ಆ ಸೆಕ್ಷನ್ ಓದ್ತಾ ಇದ್ರಲ್ಲ, ಆಗಲೇ."

ಫೋನು ಮಾಡಿದೆ. ಆಟೋದ ಗಡಗಡ ಸದ್ದಿನೊಳಗಿಂದ ಅಮ್ಮ ಹೇಳಿದಳು: "ಡ್ಯಾಶ್‌ಬೋರ್ಡಿನೊಳಗ ಹಳದಿ ಕವರ್ ಅದ. ಟ್ರಾನ್ಸ್‌ಫರ್ ಆರ್ಡರು, ಜಾಯಿನಿಂಗ್ ರಿಪೋರ್ಟು, ಎರಡೂ. ಮೂಲ ಕೊಡಬ್ಯಾಡ, ಜೆರಾಕ್ಸ್ ತೋರಿಸು. ನಾ ಇಡ್ತೀನಿ."

ಎಸ್‌ಐ ತಾರೀಖು ನೋಡಿ ಬೆರಳಲ್ಲಿ ತಿಂಗಳು ಎಣಿಸಿದರು. ಎಂಟು. ಕೀಯನ್ನು ತಾವೇ ಕಾನ್‌ಸ್ಟೇಬಲ್ ಕೈಯಿಂದ ತೆಗೆದು ನನ್ನ ಕೈಗೆ ಕೊಟ್ಟರು. "ಇನ್ನು ನಾಲ್ಕು ತಿಂಗಳಿದೆ. ಮರೀಬೇಡ. ಲಾ ಓದ್ತಿದ್ದೀಯಾ?"

"ಇಲ್ಲ ಸಾರ್, ಕೆಮಿಸ್ಟ್ರಿ."

"ದೇವರು ದೊಡ್ಡವನು," ಎಂದರು ಎಸ್‌ಐ, ಕಾನ್‌ಸ್ಟೇಬಲ್‌ಗೆ.

ಬ್ರಾಂಚ್ ಮುಟ್ಟಿದಾಗ ಒಂಬತ್ತು ಐವತ್ತು. ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಹಿರಿಯರೆಲ್ಲ ಒಳಗೆ ಫ್ಯಾನಿನ ಕೆಳಗೆ ಟೋಕನ್ ಹಿಡಿದು ಕೂತಿದ್ದರು. ಬಾಗಿಲು ಒಂಬತ್ತು ಇಪ್ಪತ್ತೆಂಟಕ್ಕೇ ತೆರೆದಿತ್ತು. ಗಾಜಿನ ಆಚೆ ಅಮ್ಮ ತಲೆ ಎತ್ತಲಿಲ್ಲ.

ಮಧ್ಯಾಹ್ನ ಊಟದ ಕೋಣೆಯಲ್ಲಿ ಡಬ್ಬಿ ಬಿಚ್ಚುತ್ತ ಕೇಳಿದಳು, "ಯಾರು ಗೆದ್ರಿ?"

"ಅವರಿಗೊಂದು, ನನಗೊಂದು. ಮೂರನೇದು ನಿನ್ನ ಹಳದಿ ಕವರಿಗೆ."

"ಮೊದಲ ಲೈಸೆನ್ಸ್ ತೋರಿಸಿದ್ರ ಎರಡ ನಿಮಿಷದ ಮಾತಿತ್ತು."

"ತೋರಿಸಿದ್ರೆ ಆ ಮೂರು ಜನರ ಕೀ ಇನ್ನೂ ಅವನ ಬೆರಳಲ್ಲೇ ಇರ್ತಿತ್ತು."

"ನಿನ್ನ ಹಟಕ್ಕ ಮೆಟ್ಟಿಲ ಮ್ಯಾಲಿನ ಅಜ್ಜಂದಿರು ಬಿಸಿಲಾಗ ಕೂಡಬೇಕಾಗ್ತಿತ್ತು. ಅದಕ್ಕೇನಂತಿ?"

ಅವಳು ಆಟೋ ಹತ್ತಿದ್ದರಿಂದ ಮಾತ್ರ ಆ ತಪ್ಪಿನಿಂದ ಪಾರಾಗಿದ್ದೆ. ಹಕ್ಕು ನನ್ನದು, ಹೊತ್ತು ಮಾತ್ರ ಆ ಅಜ್ಜಂದಿರದು. ಅದನ್ನು ಒಪ್ಪಿಕೊಂಡೆ. ಆದರೂ, ಸಾವಿರ ಸಲ ಹೇಳುತ್ತೇನೆ, ಅಪ್ಪ ಆ ದಿನ ಅಲ್ಲಿರಬೇಕಿತ್ತು. ಆ ಕೀಗಳು ಇಳಿದದ್ದನ್ನು ನೋಡಬೇಕಿತ್ತು.

ಅಮ್ಮ ಚಟ್ನಿಪುಡಿ ನನ್ನ ಕಡೆ ಸರಿಸಿದಳು. ತನ್ನ ಡಬ್ಬಿ ಖಾಲಿ ಮಾಡಿ ಮುಚ್ಚಳ ಹಾಕಿದಳು.

"ಕೀಲಿ ಕಸಗೊಳ್ಳೋದು ತಪ್ಪು, ಅದು ಖರೆ," ಎಂದಳು ಕೊನೆಗೆ. "ನಾಳಿಂದ ಮನಿ ಇಪ್ಪತ್ತ ನಿಮಿಷ ಮೊದಲ ಬಿಡೋಣು. ಹತ್ತು ಟ್ರಾಫಿಕ್ಕಿಗೆ, ಹತ್ತು ನಿನ್ನ ವಾದಕ್ಕ."